ಒಳಾಂಗಣ ಕಬಡ್ಡಿಗೆ ಯಾವ ಲೆನ್ಸ್? ಮೊದಲು ಬೆಳಕು ಅಳೆಯಿರಿ, ಆಮೇಲೆ ದುಡ್ಡು ಬಿಚ್ಚಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವನು. ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ ಕಬಡ್ಡಿ, ಬ್ಯಾಡ್ಮಿಂಟನ್ ಪಂದ್ಯಗಳ ಫೋಟೊ ತೆಗೆಯುತ್ತೇನೆ. ಪಂದ್ಯಾವಳಿ ಇದ್ದಾಗ ಹುಬ್ಬಳ್ಳಿ-ಧಾರವಾಡಕ್ಕೂ ಹೋಗುವುದುಂಟು. ನನ್ನ ಹತ್ತಿರ ನಿಕಾನ್ ಡಿ5600, ಅದರ ಜೊತೆಗೆ ಬಂದ 18-55 ಮತ್ತು 70-300 ಲೆನ್ಸ್ ಇವೆ. ಆಟಗಾರರ ಕೈಕಾಲು ಅಲುಗಿದಂತೆ ಬರುತ್ತವೆ. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಏರಿಸಿದರೆ ಫೋಟೊ ತುಂಬ ಕಾಳು ಕಾಳು. ನಲವತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಹುಬ್ಬಳ್ಳಿಯ ಪರಿಚಯದವರೊಬ್ಬರು ಹಳೆಯ ನಿಕಾನ್ 80-200 ಎಫ್/2.8ಡಿ ಲೆನ್ಸ್ ಕೊಡುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಆ ಲೆನ್ಸ್ ಕೆಟ್ಟದ್ದು ಅಂತಲ್ಲ. ಗಾಜು ಚೊಕ್ಕ ಇದ್ದರೆ ಇವತ್ತಿಗೂ ಒಳ್ಳೆಯ ಚಿತ್ರ ಕೊಡುತ್ತದೆ. ಆದರೆ ನಿಮ್ಮ ಡಿ5600ಕ್ಕೆ ಹಾಕಿದರೆ ಅದು ಆಟೊಫೋಕಸ್ ಆಗುವುದೇ ಇಲ್ಲ. 80-200 ಎಫ್/2.8ಡಿ ಲೆನ್ಸ್‌ನೊಳಗೆ ಮೋಟರ್ ಇಲ್ಲ. ಕ್ಯಾಮೆರಾ ಬಾಡಿಯೊಳಗಿನ ಮೋಟರ್ ಒಂದು ಸಣ್ಣ ಸ್ಕ್ರೂ ಮೂಲಕ ಅದರ ಫೋಕಸ್ ತಿರುಗಿಸಬೇಕು. ನಿಕಾನ್ ಡಿ3000, ಡಿ5000 ಸಾಲಿನ ಯಾವ ಬಾಡಿಯಲ್ಲೂ ಆ ಮೋಟರ್ ಇಲ್ಲ. ಡಿ7200, ಡಿ7500 ಮತ್ತು ಅದಕ್ಕಿಂತ ಮೇಲಿನವುಗಳಲ್ಲಿ ಇದೆ. ಕೈಯಲ್ಲಿ ಫೋಕಸ್ ತಿರುಗಿಸಿ, ವ್ಯೂಫೈಂಡರ್ ಮೂಲೆಯ ಹಸಿರು ಚುಕ್ಕೆ ನೋಡಿ ತೆಗೆಯಬಹುದು, ಖರೆ. ಸನ್ಮಾನದ ಫೋಟೊಕ್ಕೆ ಅದು ಸಾಕು, ಒಳನುಗ್ಗಿ ಬರುವ ರೇಡರ್‌ಗೆ ಸಾಲದು.

ಹಳೆಯ ನಿಕಾನ್ ಲೆನ್ಸ್ ಕೊಳ್ಳುವಾಗ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯೇ ನೋಡಿ. ಬರೀ ಎಎಫ್ ಅಂತಿದ್ದರೆ ಮೋಟರ್ ಇಲ್ಲ. ಅಕ್ಷರ ಅಳಿಸಿಹೋಗಿದ್ದರೆ ಲೆನ್ಸ್ ತಿರುಗಿಸಿ ಹಿಂಬದಿಯ ಲೋಹದ ಬಳೆ ನೋಡಿ: ಅಲ್ಲಿ ಸ್ಕ್ರೂ ತಲೆಯಂತೆ ಗೆರೆ ಇರುವ ಸಣ್ಣ ಗುಂಡು ಭಾಗ ಕಂಡರೆ ಅದು ಬಾಡಿಯ ಮೋಟರ್ ಬೇಡುವ ಲೆನ್ಸ್. 85 ಎಂಎಂ ಎಫ್/1.8ರಲ್ಲೂ ಇದೇ ಮೋಸ ಆಗುತ್ತದೆ. ಡಿ ಅಂತ ಕೊನೆಯಾಗುವುದು ನಿಮಗೆ ಉಪಯೋಗವಿಲ್ಲ, ಎಎಫ್-ಎಸ್ ಹೆಸರಿನ ಜಿ ಬೇಕು. ಮುಂದೆ ನಿಕಾನ್ ಝಡ್ ಮಿರರ್‌ಲೆಸ್‌ಗೆ ಹೋಗುವ ಯೋಚನೆ ಇದ್ದರೂ ಇದು ನೆನಪಿರಲಿ. ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಆ ಮೋಟರ್ ಇಲ್ಲ.

ಈಗ ನಿಮ್ಮ ಮೂಲ ತೊಂದರೆಗೆ ಬರೋಣ. ಕೈಕಾಲು ಅಲುಗುವುದೂ ಕಾಳು ಬರುವುದೂ ಒಂದೇ ಕಾರಣದಿಂದ: ಸೆನ್ಸರ್‌ಗೆ ಬೆಳಕು ಸಾಲುತ್ತಿಲ್ಲ. ನಿಮ್ಮ 70-300 ಲೆನ್ಸ್ 70ರಲ್ಲಿ ಎಫ್/4.5, 300ಕ್ಕೆ ಹೋದಾಗ ಎಫ್/6.3. ಎಫ್ ಸಂಖ್ಯೆ, ಅಂದರೆ ಲೆನ್ಸ್ ಕಿಂಡಿಯ (ಅಪರ್ಚರ್) ಅಳತೆ, ಅರ್ಧವಾದರೆ ಒಳಬರುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಎಫ್/1.8 ಲೆನ್ಸ್ ಎಫ್/4.5ಕ್ಕಿಂತ ಆರು ಪಟ್ಟಿಗೂ ತುಸು ಹೆಚ್ಚು, ಎಫ್/6.3ಕ್ಕಿಂತ ಹನ್ನೆರಡು ಪಟ್ಟು ಬೆಳಕು ಬಿಡುತ್ತದೆ. ಲೆನ್ಸ್‌ನ ವಿಆರ್ ಸೌಲಭ್ಯವನ್ನು ನಂಬಿ ಕೂರಬೇಡಿ. ವಿಆರ್ ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು. ಆಟಗಾರನ ಕಾಲನ್ನು ನಿಲ್ಲಿಸುವುದು ಶಟರ್ ವೇಗ ಒಂದೇ.

ಎಷ್ಟು ವೇಗ ಬೇಕು? ಕಬಡ್ಡಿ, ಕುಸ್ತಿಗೆ 1/500 ಸೆಕೆಂಡ್. ಬಾಸ್ಕೆಟ್‌ಬಾಲ್, ವಾಲಿಬಾಲ್‌ಗೆ 1/640ರಿಂದ 1/800. ಬ್ಯಾಡ್ಮಿಂಟನ್ ಸ್ಮ್ಯಾಶ್, ಟೇಬಲ್ ಟೆನಿಸ್‌ಗೆ 1/1000. ಜಿಗಿದ ಆಟಗಾರ ಗಾಳಿಯಲ್ಲಿ ತುತ್ತತುದಿ ಮುಟ್ಟಿದ ಕ್ಷಣಕ್ಕೆ ಮೈ ಬಹುತೇಕ ನಿಂತಿರುತ್ತದೆ, ಅಲ್ಲಿ 1/500 ಕೂಡ ಸಾಕು. ರಾಕೆಟ್ ಮಾತ್ರ ಮಸುಕಾಗುತ್ತದೆ, ಅದು ನೋಡಲು ಕೆಟ್ಟದಾಗಿ ಕಾಣುವುದಿಲ್ಲ.

ಲೆನ್ಸ್ ಕೊಳ್ಳುವ ಮೊದಲು ನಿಮ್ಮ ಹಾಲ್‌ನ ಬೆಳಕನ್ನು ಇರುವ ಲೆನ್ಸ್‌ನಿಂದಲೇ ಅಳೆಯಿರಿ. ಪಂದ್ಯದ ಹೊತ್ತಿನಲ್ಲಿ ಹೇಗಿರುತ್ತದೋ ಹಾಗೆಯೇ ಎಲ್ಲ ದೀಪ ಹಚ್ಚಿಸಿ. 18-55 ಹಾಕಿ, 55ಕ್ಕೆ ಇಟ್ಟು, ಎಂ (ಮ್ಯಾನುಯಲ್) ಮೋಡ್‌ನಲ್ಲಿ ಎಫ್/5.6, ಐಎಸ್ಒ 6400 ಮಾಡಿ. ಅಂಕಣದ ನಡುವೆ ಒಬ್ಬರನ್ನು ನಿಲ್ಲಿಸಿ, ಅವರ ಮುಖ ಸರಿಯಾಗಿ ಬೆಳಗುವ ಶಟರ್ ವೇಗ ಯಾವುದು ಅಂತ ಹುಡುಕಿ. ಅದು 1/80 ಅಂತ ಇಟ್ಟುಕೊಳ್ಳಿ. ಎಫ್/2.8 ಲೆನ್ಸ್ ಇದ್ದರೆ ಅದು ನಾಲ್ಕು ಪಟ್ಟು, ಅಂದರೆ 1/320. ಎಫ್/1.8 ಇದ್ದರೆ ಹತ್ತಿರ ಹತ್ತಿರ ಹತ್ತು ಪಟ್ಟು, ಅಂದರೆ 1/800. ಆ ಹಾಲ್‌ನಲ್ಲಿ ಎಫ್/2.8 ಝೂಮ್‌ಗೆ ಲಕ್ಷ ರೂಪಾಯಿ ಸುರಿದರೂ ಐಎಸ್ಒ 6400ರಲ್ಲಿ ಕಬಡ್ಡಿಗೆ ಬೇಕಾದ 1/500 ಸಿಗುವುದಿಲ್ಲ. ಅದರ ಸಣ್ಣ ಪಾಲಿಗೆ ಬರುವ 85 ಎಂಎಂ ಎಫ್/1.8ರಲ್ಲಿ ಸಿಗುತ್ತದೆ. ಕೋಣೆಯ ನಾಲ್ಕು ಮೂಲೆಯಲ್ಲೂ ಅಳೆಯಿರಿ. ನಮ್ಮ ಕಡೆಯ ಬಹಳಷ್ಟು ಹಾಲ್‌ಗಳಲ್ಲಿ ನಡು ಅಂಕಣಕ್ಕೂ ಮೂಲೆಗೂ ಒಂದು ಸ್ಟಾಪ್, ಅಂದರೆ ಬೆಳಕಿನಲ್ಲಿ ಎರಡು ಪಟ್ಟಿನ, ಫರಕು ಇದ್ದೇ ಇರುತ್ತದೆ, ಒಂದೆರಡು ದೀಪ ಕೆಟ್ಟಿದ್ದರಂತೂ ಕೇಳುವುದೇ ಬೇಡ.

ಇನ್ನು ಫೋಕಲ್ ಲೆಂತ್, ಅಂದರೆ ಲೆನ್ಸ್ ಮೇಲಿನ 50, 85 ಅನ್ನುವ ಎಂಎಂ ಅಂಕಿ. ಇದನ್ನು ನಿರ್ಧರಿಸುವುದು ನೀವು ಕೂರುವ ಜಾಗ. ನಿಮ್ಮ ಕ್ಯಾಮೆರಾಕ್ಕೆ ಲೆಕ್ಕ ಸರಳ: 23.5ನ್ನು (ಸೆನ್ಸರ್‌ನ ಅಗಲ, ಎಂಎಂನಲ್ಲಿ) ಮೀಟರ್ ಲೆಕ್ಕದ ದೂರದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ಬಂದದ್ದು ಚಿತ್ರದ ಉದ್ದ ಬದಿಯಲ್ಲಿ ಎಷ್ಟು ಮೀಟರ್ ಹಿಡಿಯುತ್ತದೆ ಅನ್ನುವುದು. 85 ಎಂಎಂನಲ್ಲಿ ಎಂಟು ಮೀಟರ್ ದೂರಕ್ಕೆ 2.2 ಮೀಟರ್ ಬರುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ನಿಂತ ಆಟಗಾರ ಪೂರ್ತಿ, ತಲೆ ಮೇಲೆ ಸ್ವಲ್ಪ ಜಾಗದೊಂದಿಗೆ ಕೂರುತ್ತಾನೆ. 50 ಎಂಎಂನಲ್ಲಿ ಅದೇ ದೂರಕ್ಕೆ 3.76 ಮೀಟರ್.

ಕಬಡ್ಡಿಗೆ ಇದನ್ನು ಹೊಂದಿಸಿ ನೋಡಿ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್‌ಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್‌ಗೆ ಬೋನಸ್ ಗೆರೆ, ಅದರಾಚೆ 1.75 ಮೀಟರ್‌ಗೆ ಕೊನೆಯ ಗೆರೆ. ಕೊನೆಯ ಗೆರೆಯ ಹಿಂದೆ ಮೂರು ಮೀಟರ್ ಬಿಟ್ಟು, ಒಂದು ಮೂಲೆಯ ಕಡೆ ನೆಲದ ಮೇಲೆ ಕುಳಿತರೆ ರೇಡರ್‌ನ ಮುಖ ನಿಮ್ಮ ಕಡೆಗಿರುತ್ತದೆ. ಬೋನಸ್ ಗೆರೆಗೆ ಕಾಲು ಚಾಚಿದಾಗ ಅವನು ನಿಮ್ಮಿಂದ ಸುಮಾರು ಐದು ಮೀಟರ್‌ನಲ್ಲಿ, ಹಿಡಿತ ಬಿಡಿಸಿಕೊಂಡು ನಡುಗೆರೆ ಮುಟ್ಟುವಾಗ ಒಂಬತ್ತೂವರೆ ಮೀಟರ್‌ನಲ್ಲಿ ಇರುತ್ತಾನೆ. ಐದು ಮೀಟರ್‌ಗೆ 85 ಹಾಕಿದರೆ 1.4 ಮೀಟರ್ ಮಾತ್ರ ಸಿಗುತ್ತದೆ: ಮುಖ, ಎದೆ, ಒಂದು ಕೈ. ಕೈಕೈ ಹಿಡಿದು ಸರಪಳಿ ಕಟ್ಟಿದ ರಕ್ಷಕರ ಜೊತೆ ಅವನನ್ನು ಹಿಡಿಯಬೇಕಾದರೆ 50 ಅಥವಾ 35 ಬೇಕು. ಹೀಗಾಗಿ ಕಬಡ್ಡಿಯೇ ನಿಮ್ಮ ಮುಖ್ಯ ಕೆಲಸವಾದರೆ 50 ಮೊದಲು. ಬ್ಯಾಡ್ಮಿಂಟನ್, ವಾಲಿಬಾಲ್ ಹೆಚ್ಚಾದರೆ 85 ಮೊದಲು. ಇದನ್ನು ಊಹೆಯಿಂದ ನಿರ್ಧರಿಸುವ ಅಗತ್ಯವೇ ಇಲ್ಲ. ನಿಮ್ಮ ಹಳೆಯ ಪಂದ್ಯಗಳ ಫೋಟೊಗಳಲ್ಲಿ ಚೆನ್ನಾಗಿ ಬಂದವನ್ನು ಆರಿಸಿ, ಅವುಗಳ ಫೋಕಲ್ ಲೆಂತ್ ನೋಡಿ. ಕಂಪ್ಯೂಟರ್‌ನಲ್ಲಿ ಪ್ರತಿ ಫೈಲ್‌ನ ವಿವರದಲ್ಲಿ ಬರೆದಿರುತ್ತದೆ. 70ರಿಂದ 110ರ ನಡುವೆ ಗುಂಪಾಗಿದ್ದರೆ 85 ನಿಮ್ಮ ಲೆನ್ಸ್. ಹೆಚ್ಚಿನವು 200, 300ರಲ್ಲಿ ಇದ್ದರೆ ನೀವು ಗ್ಯಾಲರಿಯಲ್ಲಿ ಕೂರುತ್ತಿದ್ದೀರಿ ಅಂತ ಅರ್ಥ. ಸಂಘಟಕರನ್ನು ಕೇಳಿ ಕೆಳಗೆ ಅಂಕಣದ ಅಂಚಿಗೆ ಜಾಗ ಮಾಡಿಕೊಳ್ಳಿ. ನಿಮ್ಮ ದುಡ್ಡಿನಲ್ಲಿ ಬರುವ ಯಾವ ಲೆನ್ಸೂ ಆ ದೂರವನ್ನು ಈ ಬೆಳಕಿನಲ್ಲಿ ಗೆಲ್ಲಲಾರದು.

ನನ್ನ ಸಲಹೆ ಹೀಗಿದೆ. ಸೆಕೆಂಡ್ ಹ್ಯಾಂಡ್ ಎಎಫ್-ಎಸ್ 85 ಎಂಎಂ ಎಫ್/1.8ಜಿ ಒಂದು. ಅದು 2012ರಿಂದ ಮಾರುಕಟ್ಟೆಯಲ್ಲಿದೆ, 350 ಗ್ರಾಂ ತೂಕ, ಇಡೀ ದಿನ ಕೊರಳಲ್ಲಿದ್ದರೂ ನೋಯುವುದಿಲ್ಲ. ಉಳಿದ ದುಡ್ಡಿನಲ್ಲಿ ಎಎಫ್-ಎಸ್ 50 ಎಂಎಂ ಎಫ್/1.8ಜಿ ಅಥವಾ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ. ಎರಡೂ 200 ಗ್ರಾಂ ಆಸುಪಾಸು, ಎರಡೂ ಹಳೆಯ ಸಾಮಾನಿನ ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. 50ರ ಫೋಕಸ್ 85ರಷ್ಟು ಚುರುಕಲ್ಲ, ಆದರೆ ಐದಾರು ಮೀಟರ್‌ನ ಕಬಡ್ಡಿಗೆ ತಾಳುತ್ತದೆ. ಧಾರವಾಡ ಸೀಮೆಯ ಗರಡಿ ಮನೆಗಳಲ್ಲಿ ಪೈಲ್ವಾನರ ತಾಲೀಮು ತೆಗೆಯುವ ಆಸೆ ಇದ್ದರೆ 35 ಆರಿಸಿ. ಅಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ. ನಾಲ್ಕು ಮೀಟರ್‌ನಲ್ಲಿ 35 ನಿಮಗೆ 2.7 ಮೀಟರ್ ಅಗಲ ಕೊಡುತ್ತದೆ, ಅಖಾಡದ ಮಣ್ಣಿನಲ್ಲಿ ಹೆಣೆದುಕೊಂಡ ಇಬ್ಬರೂ ಅದರಲ್ಲಿ ಬರುತ್ತಾರೆ. ಆದರೆ ಆ ಕೆಮ್ಮಣ್ಣಿನ ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಹೊರಗೇ ಹಾಕಿಕೊಂಡು ಒಳಗೆ ಹೋಗಿ.

70-200 ಎಫ್/2.8 ಯಾವಾಗ ಬೇಕು? ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ. ಒಂದು ತುದಿಯಲ್ಲಿ ಕೂತು ಆಚೆ ತುದಿಯ ಬುಟ್ಟಿ ಹಿಡಿಯಲು ಅದು ಬೇಕೇ ಬೇಕು. ದೀಪಗಳು ಚೆನ್ನಾಗಿರುವ ದೊಡ್ಡ ಒಳಾಂಗಣದಲ್ಲೂ ಅದರಷ್ಟು ಅನುಕೂಲದ ಲೆನ್ಸ್ ಇನ್ನೊಂದಿಲ್ಲ. ಅಂಥ ಪಂದ್ಯ ವರ್ಷಕ್ಕೆ ಒಂದೆರಡು ಇದ್ದರೆ ದಿನದ ಬಾಡಿಗೆಗೆ ತನ್ನಿ. ಹಳೆಯದರಲ್ಲಿ ಅಗ್ಗವಾಗಿ ಸಿಗುವ ಟ್ಯಾಮ್ರಾನ್‌ನ ಮೊದಲ 70-200 ಎಫ್/2.8, ವಿಸಿ (ಟ್ಯಾಮ್ರಾನ್‌ನ ಕೈನಡುಕ ತಡೆ) ಇಲ್ಲದ ಮ್ಯಾಕ್ರೊ ಮಾದರಿ, ಚಿತ್ರ ಚೆನ್ನಾಗಿ ಕೊಡುತ್ತದೆ. ಫೋಕಸ್ ಮಾತ್ರ ಆಟಕ್ಕೆ ತೀರ ನಿಧಾನ, ಮೋಟರ್ ಇಲ್ಲದ ಆವೃತ್ತಿಯೂ ಇದೆ. ಅದರಿಂದ ದೂರವಿರಿ. ಸಿಗ್ಮಾ 50-100 ಎಫ್/1.8 ಆರ್ಟ್ ನಿಮ್ಮ ಸೆನ್ಸರ್ ಗಾತ್ರಕ್ಕೆಂದೇ ಮಾಡಿದ, ಈ ಕೆಲಸಕ್ಕೆ ಹೇಳಿಮಾಡಿಸಿದಂಥ ಲೆನ್ಸ್. ಆದರೆ ಒಂದೂವರೆ ಕಿಲೊ ತೂಕ, ಬೆಲೆಯೂ ನಿಮ್ಮ ಅಳತೆಗೆ ಮೀರಿದ್ದು.

ಕ್ಯಾನನ್ ಇರುವ ಓದುಗರಿಗೂ ಒಂದು ಮಾತು. 1992ರಲ್ಲಿ ಬಂದ ಇಎಫ್ 85 ಎಂಎಂ ಎಫ್/1.8 ಯುಎಸ್ಎಂ ಇವತ್ತಿಗೂ ಒಳಾಂಗಣ ಆಟಕ್ಕೆ ದುಡ್ಡಿಗೆ ತಕ್ಕ ಲೆನ್ಸ್. ಫೋಕಸ್ ಬಲು ಚುರುಕು, ಅಡಾಪ್ಟರ್ ಹಾಕಿ ಆರ್ ಸಾಲಿನ ಮಿರರ್‌ಲೆಸ್‌ನಲ್ಲೂ ನಡೆಯುತ್ತದೆ. ಹೊಸ ಆರ್‌ಎಫ್ 85 ಎಂಎಂ ಎಫ್/2 ಮ್ಯಾಕ್ರೊ ಲೆನ್ಸನ್ನು ಹೊಸದು ಅನ್ನುವ ಕಾರಣಕ್ಕೆ ಕೊಳ್ಳಬೇಡಿ. ಭಾವಚಿತ್ರಕ್ಕೆ ಚಂದ, ಆಟದಲ್ಲಿ ಅದರ ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತದೆ. ಸೋನಿಯವರಿಗೆ ಎಫ್ಇ 85 ಎಂಎಂ ಎಫ್/1.8 ಸಾಕು.

ಎಫ್/1.8ರಲ್ಲಿ ಫೋಕಸ್ ತಪ್ಪಲು ಅವಕಾಶ ಬಹಳ. ಎಂಟು ಮೀಟರ್‌ನಲ್ಲಿ 85 ಎಂಎಂನ ಚೊಕ್ಕ ವಲಯ ಅರವತ್ತು ಸೆಂಟಿಮೀಟರ್ ಚಿಲ್ಲರೆ, ಐದು ಮೀಟರ್‌ನಲ್ಲಿ ಬರೀ ಇಪ್ಪತ್ತೈದು ಸೆಂಟಿಮೀಟರ್. ಚಾಚಿದ ಕೈ ಚೊಕ್ಕ, ಮುಖ ಮಸುಕು ಅನ್ನುವ ಫೋಟೊ ಬರುವುದು ಇದರಿಂದ. ಎಎಫ್-ಸಿ (ಚಲಿಸುವವರನ್ನು ಬೆನ್ನಟ್ಟುವ ಫೋಕಸ್) ಇಟ್ಟುಕೊಳ್ಳಿ, 39 ಬಿಂದುಗಳ ಆಟೊ ಏರಿಯಾ ಬಿಡಿ. ಡಿ5600ದಲ್ಲಿ ನಡುವಿನ ಒಂಬತ್ತು ಬಿಂದುಗಳು ಮಾತ್ರ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವಂಥವು), ಮಂದ ಬೆಳಕಿನಲ್ಲಿ ನಂಬಬಹುದಾದವು ಅವೇ. ಒಂದು ನಡುಬಿಂದು ಅಥವಾ 9 ಬಿಂದುಗಳ ಡೈನಮಿಕ್ ಏರಿಯಾ ಇಟ್ಟು ಅದನ್ನು ಎದೆಯ ಮೇಲಿನ ಅಂಗಿ ನಂಬರಿಗೆ ಹಿಡಿಯಿರಿ. ನಂಬರ್‌ನ ಅಂಚು ಗಟ್ಟಿ, ಫೋಕಸ್ ಅಲ್ಲಿ ಕಚ್ಚುತ್ತದೆ. ಬರೀ ಒಂದೇ ಬಣ್ಣದ ಬಟ್ಟೆಯ ಮೇಲೆ ಜಾರುತ್ತದೆ. ಎಇ-ಎಲ್/ಎಎಫ್-ಎಲ್ ಗುಂಡಿಗೆ ಎಎಫ್-ಆನ್ ಕೆಲಸ ಒಪ್ಪಿಸಿ, ಹೆಬ್ಬೆರಳಿನಿಂದ ಫೋಕಸ್ ಮಾಡುವ ರೂಢಿ ಮಾಡಿಕೊಳ್ಳಿ. ಅಂಪೈರ್ ಅಡ್ಡ ಬಂದಾಗ ಹೆಬ್ಬೆರಳು ಎತ್ತಿದರಾಯಿತು, ಫೋಕಸ್ ಅವರ ಬೆನ್ನಿಗೆ ಓಡುವುದಿಲ್ಲ. ಬ್ಯಾಡ್ಮಿಂಟನ್‌ನಲ್ಲಿ ನೆಟ್ಟೇ ದೊಡ್ಡ ಶತ್ರು. ಆಚೆ ಕಡೆಯ ಆಟಗಾರನನ್ನು ನೆಟ್ ಮೂಲಕ ಹಿಡಿಯಲು ಹೋದರೆ ಫೋಕಸ್ ಬಲೆಗೇ ಅಂಟುತ್ತದೆ. ಹತ್ತಿರದ ಅರ್ಧದ ಬದಿಗೆ ಕೂತು ಈಚೆಯವರನ್ನೇ ತೆಗೆಯಿರಿ. ಗೇಮ್ ಮುಗಿದ ಮೇಲೆ ಅವರು ಕಡೆ ಬದಲಿಸುತ್ತಾರೆ, ಇನ್ನೊಬ್ಬರು ತಾವಾಗಿ ನಿಮ್ಮ ಮುಂದೆ ಬರುತ್ತಾರೆ. ಫ್ಲ್ಯಾಶ್ ಹೊರಗೆ ತೆಗೆಯಲೇಬೇಡಿ, ಆಟಗಾರರ ಕಣ್ಣಿಗೆ ಹೊಡೆಯುತ್ತದೆ.

ಹೊಸ ಲೆನ್ಸ್ ಬಂದ ಮೇಲೆ ನಿಮಗೆ ಕಾಡುವ ಇನ್ನೊಂದು ತೊಂದರೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ಓಡುತ್ತೀರಿ. 1/500ರಲ್ಲಿ ಸಾಲಾಗಿ ಐದು ಫೋಟೊ ತೆಗೆದರೆ ಒಂದು ಬೆಳ್ಳಗೆ, ಒಂದು ಕಪ್ಪಗೆ, ಒಂದರ ಕೆಳಗಿನ ಅರ್ಧ ಹಳದಿ ಬರಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್. ಟ್ಯೂಬ್‌ಲೈಟ್, ಹಳೆಯ ಮೆಟಲ್ ಹ್ಯಾಲೈಡ್, ಅಗ್ಗದ ಎಲ್ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. 1/100ರಲ್ಲಿ ತೆಗೆದರೆ ಒಂದು ಮಿಣುಕು ಪೂರ್ತಿ ಒಳಗೆ ಬರುತ್ತದೆ, ಎಲ್ಲ ಫೋಟೊ ಒಂದೇ ಥರ. 1/500ರಲ್ಲಿ ಆ ಮಿಣುಕಿನ ಒಂದು ತುಣುಕು ಮಾತ್ರ. ಅದೂ ಅಲ್ಲದೆ 1/200ಕ್ಕಿಂತ ಹೆಚ್ಚಿನ ವೇಗದಲ್ಲಿ ಶಟರ್ ಪೂರ್ತಿ ತೆರೆಯುವುದೇ ಇಲ್ಲ, ಎರಡು ಪರದೆಗಳ ನಡುವಿನ ಸೀಳು ಸೆನ್ಸರ್ ಮೇಲೆ ಹಾದುಹೋಗುತ್ತದೆ. ಅದು ಹಾಯುವಷ್ಟರಲ್ಲಿ ದೀಪ ಬದಲಾಗಿರುತ್ತದೆ. ಡಿ5600 ಮೆನುವಿನಲ್ಲಿರುವ ಫ್ಲಿಕರ್ ರಿಡಕ್ಷನ್ ಲೈವ್ ವ್ಯೂ, ವಿಡಿಯೊಗೆ ಮಾತ್ರ. ಸ್ಟಿಲ್ ಫೋಟೊಕ್ಕೆ ಈ ಸೌಲಭ್ಯ ಡಿ7500, ಡಿ500ರಲ್ಲಿದೆ. ನಿಮ್ಮ ಮಟ್ಟಿಗೆ ಉಪಾಯ ಎರಡು. ಒಂದು, ಪ್ರತಿ ಹಿಡಿತಕ್ಕೂ ಮೂರು-ನಾಲ್ಕು ಫ್ರೇಮ್ ಸಾಲಾಗಿ ತೆಗೆದು, ಚೆನ್ನಾಗಿ ಬೆಳಗಿದ್ದನ್ನು ಆರಿಸುವುದು. ಎರಡು, ಹಾಲ್ ನಿಮ್ಮ ಕಾಲೇಜಿನದೇ ಆದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡಿ ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸ್‌ಗೆ ಹಂಚಿಸುವುದು. ಮೂರು ಫೇಸ್‌ಗಳ ಮಿಣುಕು ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಒಂದರ ಕತ್ತಲನ್ನು ಇನ್ನೊಂದು ತುಂಬುತ್ತದೆ. ಮಿರರ್‌ಲೆಸ್ ಇದ್ದವರು ಮೆಕ್ಯಾನಿಕಲ್ ಶಟರ್ ಬಳಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಂಥ ದೀಪದಡಿ ಪಟ್ಟೆಪಟ್ಟೆ ಬರಿಸುತ್ತದೆ.

ಇದೇ ಕಾರಣಕ್ಕೆ ಆಟೊ ಎಕ್ಸ್‌ಪೋಶರ್ ಬೇಡ. ಹಾಲ್‌ನ ಬೆಳಕು ಪಂದ್ಯ ಪೂರ್ತಿ ಅಷ್ಟೇ ಇರುತ್ತದೆ. ಎಂ ಮೋಡ್‌ನಲ್ಲಿ ಶಟರ್, ಅಪರ್ಚರ್, ಐಎಸ್ಒ ಮೂರನ್ನೂ ಕಟ್ಟಿಹಾಕಿ. ಮೀಟರ್‌ಗೆ ಬಿಟ್ಟರೆ ಬಿಳಿ ಗೋಡೆ ಕಂಡಾಗ ಮುಖ ಕಪ್ಪಾಗುತ್ತದೆ, ಕಪ್ಪು ಜರ್ಸಿ ಕಂಡಾಗ ಮುಖ ಸುಟ್ಟಂತಾಗುತ್ತದೆ. ವೈಟ್ ಬ್ಯಾಲೆನ್ಸ್‌ಗೆ ಅಂಕಣದ ನಡುವೆ ಬಿಳಿ ಹಾಳೆ ಹಿಡಿಸಿ ಪ್ರಿಸೆಟ್ ಮಾಡಿಕೊಳ್ಳಿ, ಆ ಒಂದು ಫೋಟೊವನ್ನು ಮಾತ್ರ 1/100 ಅಥವಾ 1/50ರಲ್ಲಿ ತೆಗೆಯಿರಿ.

ಕಾಳಿನ ಬಗ್ಗೆ ಅತಿಯಾಗಿ ಹೆದರಬೇಡಿ. ಡಿ5600ದ ಐಎಸ್ಒ 6400 ಪತ್ರಿಕೆಯ ಮೂರು ಕಾಲಂಗೆ, ಮೊಬೈಲ್ ಪರದೆಗೆ ಸಲೀಸಾಗಿ ನಡೆಯುತ್ತದೆ. ಕೆಡುವುದು ಐಎಸ್ಒ 3200ರಲ್ಲಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಎಳೆದು ಬೆಳಗಿಸಿದಾಗ. ಜೆಪೆಗ್‌ನಲ್ಲಂತೂ ನೆರಳಿನ ಭಾಗ ಪೂರ್ತಿ ಬಣ್ಣಬಣ್ಣದ ಚುಕ್ಕೆ. ರಾ ಫೈಲ್ (ಸೆನ್ಸರ್ ಕೊಟ್ಟ ಮೂಲ ಮಾಹಿತಿ) ತೆಗೆಯಿರಿ. ಲೈಟ್‌ರೂಮ್‌ಗೆ 2023ರಲ್ಲಿ ಬಂದ ಡಿನಾಯ್ಸ್ (ಕಾಳು ತೆಗೆಯುವ ಸೌಲಭ್ಯ) 6400ರ ರಾ ಫೈಲನ್ನು ಚೆನ್ನಾಗಿ ತೊಳೆಯುತ್ತದೆ. ಅಲುಗಿದ ಫೋಟೊವನ್ನು ಪೂರ್ತಿ ಸರಿಮಾಡುವ ಸಾಫ್ಟ್‌ವೇರ್ ಇಲ್ಲ. ಹಾಗಾಗಿ ಶಟರ್‌ಗೂ ಐಎಸ್ಒಗೂ ಜಗಳ ಬಂದಾಗ ಶಟರ್ ಗೆಲ್ಲಲಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡಲು ಹೋಗುವಾಗ ನಿಮ್ಮ ಕ್ಯಾಮೆರಾ ತೆಗೆದುಕೊಂಡು ಹೋಗಿ. ಅಪರ್ಚರ್ ಎಫ್/1.8ರಲ್ಲಿಟ್ಟು ಮೂರು ಮೀಟರ್ ದೂರದ ಮೇಜಿನ ಮೇಲೆ ಓರೆಯಾಗಿ ಹರಡಿದ ಪತ್ರಿಕೆಯ ಒಂದು ಸಾಲಿಗೆ ವ್ಯೂಫೈಂಡರ್‌ನಲ್ಲೇ ಫೋಕಸ್ ಮಾಡಿ ಹತ್ತು ಸಲ ತೆಗೆಯಿರಿ, ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಮಾಡಿ. ಹತ್ತರಲ್ಲಿ ಎಂಟು ಅದೇ ಸಾಲಿಗೆ ಬೀಳಬೇಕು. ಪ್ರತಿ ಸಲವೂ ಮುಂದಿನ ಸಾಲಿಗೋ ಹಿಂದಿನ ಸಾಲಿಗೋ ಬಿದ್ದರೆ ಬಿಟ್ಟುಬಿಡಿ. ಎಎಫ್ ಫೈನ್ ಟ್ಯೂನ್ ಡಿ5600ದಲ್ಲಿ ಇಲ್ಲ, ಅದನ್ನು ನೀವೇ ತಿದ್ದಲಾಗದು. ಮೋಟರ್ ಕೀರಲು ಸದ್ದು ಮಾಡಿದರೆ, ನಡುವೆ ತಡೆದು ತಡೆದು ತಿರುಗಿದರೆ ಬೇಡ. ಹಿಂಬದಿಯ ಸಣ್ಣ ಸನ್ನೆ ಒತ್ತಿ ಬಿಟ್ಟು ನೋಡಿ, ಅಪರ್ಚರ್ ರೆಕ್ಕೆಗಳು ಚಟಕ್ಕನೆ ಮುಚ್ಚಬೇಕು. ಎಣ್ಣೆ ಅಂಟಿದ್ದರೆ ನಿಧಾನ ಚಲಿಸುತ್ತವೆ. ಕೊನೆಗೆ ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಚಿಂತೆಯಿಲ್ಲ. ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು, ಅಗ್ಗ ಅಂತ ತರಬೇಡಿ. ಧಾರವಾಡದ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮೂರು ತಿಂಗಳು ಮುಚ್ಚಿಟ್ಟ ಲೆನ್ಸ್‌ಗೆ ಅದು ಬಂದೇ ಬರುತ್ತದೆ. ನಿಮ್ಮದನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿಡಿ, ಬಣ್ಣ ತಿರುಗಿದಾಗ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ, ಆರಿದ ಮೇಲೆ ಮತ್ತೆ ಡಬ್ಬಿಗೆ ಸೇರಿಸಿ.